ಮುಖಕ್ಕೊಪ್ಪುವ ಕುಂಚ

ನಿತ್ಯವೂ ಕೈಗೆ ಬರುವ ವಸ್ತುಗಳನ್ನು ಕುರಿತು ನಾವು ಯೋಚಿಸುವುದು ಅಪರೂಪ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಲೋಮನಾಳವನ್ನು ನೀರಿನಲ್ಲಿ ನಿಲ್ಲಿಸಿ, ನೀರು ಎಷ್ಟು ಮೇಲೇರಿತೆಂದು ಎಚ್ಚರಿಕೆಯಿಂದ ಅಳೆಯುವ ವಿದ್ಯಾರ್ಥಿಯು, ಅದೇ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅದೇ ಪ್ರಯೋಗವನ್ನು ತನ್ನ ಗಲ್ಲದ ಮೇಲೆ ನಡೆಸಿ ಬಂದಿರುತ್ತಾನೆ. ಆದರೆ ಅದು ಪ್ರಯೋಗವೆಂದು ಅವನಿಗೆ ತೋರಿರುವುದಿಲ್ಲ. ನಾವು ಹೇಳುತ್ತಿರುವುದು ಕ್ಷೌರದ ಕುಂಚದ ವಿಷಯ.

ಮೊದಲ ಬಾರಿಗೆ ಇಂಥ ಕುಂಚವನ್ನು ಕೊಳ್ಳಲು ಹೋದವನಿಗೆ ಅಂಗಡಿಯವನು ನಾಲ್ಕೈದು ಬಗೆಗಳನ್ನು ಮುಂದಿಡುತ್ತಾನೆ. ಒಂದು ಒರಟು, ಒಂದು ನಯ. ಒಂದು ಗಿಡ್ಡ, ಒಂದು ಉದ್ದ. ಒಂದರ ಬೆಲೆ ಮತ್ತೊಂದರ ಹತ್ತರಷ್ಟು. ಕೊಳ್ಳುವವನು ಅಂಗೈ ಮೇಲೆ ಒಮ್ಮೆ ತಿಕ್ಕಿ ನೋಡಿ, ನಯವಾದುದೇ ಒಳ್ಳೆಯದೆಂದೋ ಬೆಲೆ ಹೆಚ್ಚಿದುದೇ ಉತ್ತಮವೆಂದೋ ತೀರ್ಮಾನಿಸಿ ಮನೆಗೆ ಒಯ್ಯುತ್ತಾನೆ. ಒಂದು ವಾರದಲ್ಲಿ ಕೆನ್ನೆ ಉರಿಯತೊಡಗುತ್ತದೆ; ಇಲ್ಲವೆ ನೊರೆಯೇ ಏಳದೆ ಬೇಸರವಾಗುತ್ತದೆ. ತಪ್ಪು ಕುಂಚದ್ದೂ ಅಲ್ಲ, ಮುಖದ್ದೂ ಅಲ್ಲ, ಅವೆರಡರ ಹೊಂದಾಣಿಕೆಯದು. ಈ ಹೊಂದಾಣಿಕೆಯನ್ನು ಭೌತವಿಜ್ಞಾನದ ಸಹಾಯದಿಂದ ಮುಂಚಿತವಾಗಿಯೇ ಊಹಿಸಲು ಸಾಧ್ಯವೆ? ನೋಡೋಣ.

ಕುಂಚ ಮಾಡುವ ಕೆಲಸ

ಗಡ್ಡದ ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದುದು. ಅದರ ನೀಳವಾದ ಅಣುಗಳನ್ನು ಒಂದಕ್ಕೊಂದು ಕಟ್ಟಿಹಿಡಿದಿರುವ ಬಂಧಗಳಲ್ಲಿ ಜಲಜನಕ ಬಂಧಗಳೂ ಸೇರಿವೆ. ಕೂದಲಿನೊಳಕ್ಕೆ ನೀರು ಹೊಕ್ಕಾಗ ಈ ಬಂಧಗಳಲ್ಲಿ ಅನೇಕವು ಸಡಿಲಗೊಳ್ಳುತ್ತವೆ. ಕೂದಲು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರನ್ನು ಹೀರಬಲ್ಲದು. ಆಗ ಅದರ ಉದ್ದ ನೂರಕ್ಕೆ ಒಂದೆರಡು ಪಾಲು ಮಾತ್ರ ಹೆಚ್ಚಿದರೆ, ದಪ್ಪ ನೂರಕ್ಕೆ ಹದಿನಾಲ್ಕು ಹದಿನೈದು ಪಾಲು ಹೆಚ್ಚುತ್ತದೆ. ಹೀಗೆ ಉಬ್ಬಿ ಮೆತ್ತಗಾದ ಕೂದಲನ್ನು ಕತ್ತರಿಸಲು ಅಲಗಿಗೆ ಬೇಕಾಗುವ ಬಲ ಬಹಳ ಕಡಮೆ. ಬಲ ಕಡಮೆಯಾದಷ್ಟೂ ಚರ್ಮಕ್ಕೆ ಗಾಯವಾಗುವ ಸಂಭವವೂ ಕಡಮೆ.

ಆದರೆ ನೀರು ಹೊಕ್ಕು ಹರಡಲು ಒಂದೆರಡು ನಿಮಿಷವಾದರೂ ಬೇಕು. ಬರಿಯ ನೀರನ್ನು ಮುಖಕ್ಕೆ ಎರಚಿಕೊಂಡರೆ ಅದು ಇಳಿದುಹೋಗುತ್ತದೆ, ಉಳಿದದ್ದು ಆರಿಹೋಗುತ್ತದೆ. ನೀರನ್ನು ಕೂದಲ ಬುಡದಲ್ಲಿ ಹಿಡಿದು ನಿಲ್ಲಿಸುವುದು ನೊರೆ. ಆ ನೊರೆಯನ್ನು ಎಬ್ಬಿಸಿ, ಹರಡಿ, ಮಲಗಿದ ಕೂದಲನ್ನು ನಿಮಿರಿಸಿ, ನೀರನ್ನು ಬುಡದವರೆಗೆ ತಲಪಿಸುವುದು ಕುಂಚದ ಕೆಲಸ. ಆದುದರಿಂದ ಯಾವ ಕುಂಚವನ್ನೇ ಆಗಲಿ ಎರಡು ಪ್ರಶ್ನೆಗಳಿಂದ ಪರೀಕ್ಷಿಸಬೇಕು: ಅದು ನೀರನ್ನು ಎಷ್ಟು ಹಿಡಿಯುತ್ತದೆ? ಎಷ್ಟು ಬಲದಿಂದ ಮುಖವನ್ನು ಒತ್ತುತ್ತದೆ?

ನೀರು ನಿಲ್ಲುವುದೆಲ್ಲಿ?

ಇಂಗ್ಲೆಂಡಿನ ಭೌತವಿಜ್ಞಾನಿ ಸಿ. ವಿ. ಬಾಯ್ಸ್ ಸಾಬೂನು ಗುಳ್ಳೆಗಳನ್ನು ಕುರಿತು ಕಿರಿಯರಿಗಾಗಿ ನೀಡಿದ ಉಪನ್ಯಾಸಗಳು 1890ರಲ್ಲಿ ಪುಸ್ತಕವಾಗಿ ಪ್ರಕಟವಾದುವು. ಅದರ ಮೊದಲಲ್ಲಿಯೇ ಒಂದು ಸರಳ ಪ್ರಯೋಗವಿದೆ. ಬಣ್ಣ ಬಳಿಯುವ ಕುಂಚವೊಂದನ್ನು ನೀರಿನಲ್ಲಿ ಮುಳುಗಿಸಿ. ಒಳಗಿರುವಾಗ ಅದರ ಕೂದಲುಗಳು ಒಣಗಿದ್ದಾಗಿನಂತೆಯೇ ಬಿಡಿಬಿಡಿಯಾಗಿರುತ್ತವೆ. ಹೊರಕ್ಕೆ ತೆಗೆದ ಕೂಡಲೆ ಒಂದಕ್ಕೊಂದು ಅಂಟಿ ಮೊನೆಯಾಗುತ್ತವೆ. ಒದ್ದೆಯಾದುದರಿಂದ ಅಂಟಿದುವು ಎಂದು ಹೇಳುವಂತಿಲ್ಲ. ನೀರಿನೊಳಗೆ ಇನ್ನೂ ಹೆಚ್ಚು ಒದ್ದೆಯಾಗಿದ್ದುವಲ್ಲ! ಅಂಟಿಸಿದ್ದು ನೀರಿನ ಮೇಲ್ಮೈ. ಎಳೆದು ಕಟ್ಟಿದ ತೆಳುವಾದ ರಬ್ಬರ್ ಹಾಳೆಯಂತೆ ಅದು ಕುಗ್ಗಲು ಹವಣಿಸುತ್ತಿರುತ್ತದೆ. ಇದೇ ಮೇಲ್ಮೈ ಎಳೆತ.

ಈ ಎಳೆತವೇ ಕುಂಚದಲ್ಲಿ ನೀರನ್ನು ತಡೆದಿಡುವುದು. ಕೂದಲುಗಳ ನಡುವಣ ಸಂದುಗಳು ಲೋಮನಾಳಗಳಂತೆ ವರ್ತಿಸುತ್ತವೆ. ಲೋಮವೆಂದರೆ ಕೂದಲೆಂಬುದನ್ನು ನೆನೆದರೆ, ಹೆಸರು ಇಲ್ಲಿ ಎರಡು ರೀತಿಯಲ್ಲಿ ಸಾರ್ಥಕ. ಸಂದಿನ ಅರೆವ್ಯಾಸ 0.1 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ನೀರಿನ ಮೇಲ್ಮೈ ಎಳೆತ ಸೆಂಟಿಮೀಟರಿಗೆ 72 ಡೈನ್. ತರಗತಿಯಲ್ಲಿ ಕಲಿತ ಸೂತ್ರದಂತೆ ಲೆಕ್ಕ ಮಾಡಿದರೆ, ಅಂಥ ಸಂದು ಸುಮಾರು 15 ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ಹೊರಬಲ್ಲದು. ಕುಂಚದ ಕೂದಲಿನ ಉದ್ದ ಸುಮಾರು 5 ಸೆಂಟಿಮೀಟರ್ ಮಾತ್ರ. ಆದಕಾರಣ ಕುಂಚವನ್ನು ತಲೆಕೆಳಗಾಗಿ ಹಿಡಿದರೂ ಸಂದುಗಳ ನೀರು ಸುರಿದುಹೋಗುವುದಿಲ್ಲ. ಸಾಬೂನು ಕರಗಿದಾಗ ಮೇಲ್ಮೈ ಎಳೆತ ಸುಮಾರು 30 ಡೈನಿಗೆ ಇಳಿಯುತ್ತದೆ. ಆಗ ನಿಲ್ಲುವ ಕಂಬ 6 ಸೆಂಟಿಮೀಟರ್. ಅಷ್ಟೂ ಸಾಕು.

ಕುಂಚವನ್ನು ಕೊಡವಿದರೆ ಮಾತ್ರ ನೀರು ಸಿಡಿಯುತ್ತದೆ. ಕೊಡವುವಾಗಿನ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷಕ್ಕಿಂತ ಎಷ್ಟೋ ಪಾಲು ಹೆಚ್ಚು. ನೀರು ಅಷ್ಟು ಪಾಲು ಭಾರವಾದಂತೆಯೇ ಸರಿ. ಎಷ್ಟು ಸಲ ಕೊಡವಬೇಕೆಂಬುದೇ ನೀರಿನ ಹದವನ್ನು ನಿಯಂತ್ರಿಸುವ ಉಪಾಯ.

ದುಬಾರಿಯಾದ ಕೂದಲು ಸ್ಪಂಜಿನಂತೆ ನೀರನ್ನು ಹೀರಿಟ್ಟುಕೊಳ್ಳುತ್ತದೆಂದು ಹಲವರು ನಂಬುತ್ತಾರೆ. ಕೂದಲಿನೊಳಗೆ ಸೇರುವ ನೀರು ಕೊಂಚವೇ. ಹೆಚ್ಚಿನ ಪಾಲು ಇರುವುದು ಕೂದಲುಗಳ ನಡುವೆ. ಎಳೆ ಸಣ್ಣದಾಗಿ, ದಟ್ಟವಾಗಿ ತುಂಬಿದ್ದರೆ ಸಂದುಗಳೂ ಸಣ್ಣವಾಗಿ, ನೀರಿನ ಮೇಲಿನ ಹಿಡಿತ ಬಿಗಿಯಾಗುತ್ತದೆ.

ಮೆದುವೆಷ್ಟು, ಗಡಸೆಷ್ಟು?

ಬುಡದಲ್ಲಿ ಬಿಗಿಯಲ್ಪಟ್ಟ ಕೂದಲು, ಗೋಡೆಗೆ ಒಂದು ತುದಿಯನ್ನು ನೆಟ್ಟ ಸಲಾಕೆಯಂತೆ ಬಾಗುತ್ತದೆ. ಅಂಥ ಸಲಾಕೆಯ ಬಿಗುಪು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ನೇರ ಅನುಪಾತದಲ್ಲಿಯೂ, ಉದ್ದದ ಮೂರನೆಯ ಘಾತಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ವ್ಯಾಸ ಎರಡರಷ್ಟಾದರೆ ಬಿಗುಪು ಹದಿನಾರರಷ್ಟಾಗುತ್ತದೆ! ಉದ್ದ 48 ಮಿಲಿಮೀಟರಿನಿಂದ 54 ಮಿಲಿಮೀಟರಿಗೆ ಹೆಚ್ಚಿದರೆ, ಎಂದರೆ ಕೇವಲ 6 ಮಿಲಿಮೀಟರ್ ಬೆಳೆದರೆ, ಬಿಗುಪು ನೂರಕ್ಕೆ ಮೂವತ್ತರಷ್ಟು ತಗ್ಗುತ್ತದೆ. ಕುಂಚಗಳ ಅಳತೆಯಲ್ಲಿ ಒಂದೆರಡು ಮಿಲಿಮೀಟರುಗಳಿಗೆ ಬಳಸುವವರು ಅಷ್ಟೊಂದು ಬೆಲೆ ಕೊಡುವುದು ಇದಕ್ಕಾಗಿಯೇ.

ಇನ್ನೊಂದು ಅಂಶವೂ ಉಂಟು. ಒಂದೇ ಗಾತ್ರದ ಗಂಟಿನಲ್ಲಿ ದಪ್ಪ ಎಳೆಗಳ ಬದಲು ಅರ್ಧ ವ್ಯಾಸದ ಎಳೆಗಳನ್ನು ತುಂಬಿದರೆ, ನಾಲ್ಕರಷ್ಟು ಎಳೆಗಳು ಹಿಡಿಸುತ್ತವೆ. ಒಂದೊಂದರ ಬಿಗುಪು ಹದಿನಾರನೆಯ ಒಂದು ಪಾಲು. ಒಟ್ಟಿನಲ್ಲಿ ಕುಂಚದ ಬಿಗುಪು ಕಾಲು ಪಾಲಿಗೆ ಇಳಿಯಿತು. ನಯವಾದ ಕುಂಚ ನೀರನ್ನು ಚೆನ್ನಾಗಿ ಹಿಡಿಯುವುದೂ, ಆದರೆ ಗಟ್ಟಿ ಸಾಬೂನನ್ನು ಉಜ್ಜಲಾರದೆ ಸೋತು ಮಲಗುವುದೂ ಒಂದೇ ಕಾರಣದಿಂದ.

ಅಂಗಡಿಯಲ್ಲಿ ಒಣ ಕುಂಚವನ್ನು ಮುಟ್ಟಿ ಪರೀಕ್ಷಿಸುವುದು ಏಕೆ ಮೋಸವೆಂಬುದೂ ಈಗ ಸ್ಪಷ್ಟ. ಪ್ರಾಣಿಗಳ ಕೂದಲೂ ಕೆರಟಿನ್ನೇ. ಚೆನ್ನಾಗಿ ನೆನೆದಾಗ ಅದರ ಯಂಗ್ ಗುಣಾಂಕ ಒಣಗಿದ್ದಾಗಿನ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಒಣಗಿದ್ದಾಗ ಚುಚ್ಚುವ ಕುಂಚ, ನೆನೆದ ಮೇಲೆ ಹಿತವಾಗಿರಬಹುದು.

ಕೂದಲಿನ ಬಗೆಗಳು

ಹಂದಿಯ ಬಿರುಗೂದಲು ದಪ್ಪ, ಬಿಗಿ, ಅಗ್ಗ. ಬಳಸಿದ ಹಾಗೆಲ್ಲ ಇದರ ತುದಿ ಸೀಳಿ ಕವಲೊಡೆಯುತ್ತದೆ. ಸೀಳಿದ ಕವಲು ಮೂಲಕ್ಕಿಂತ ಸಣ್ಣದಾದುದರಿಂದ, ನಾಲ್ಕನೆಯ ಘಾತದ ನಿಯಮದಂತೆ, ತುದಿ ಬಹಳ ಮೆತ್ತಗಾಗುತ್ತದೆ. ಬುಡ ಮಾತ್ರ ಬಿಗಿಯಾಗಿಯೇ ಉಳಿಯುತ್ತದೆ. ಹಂದಿಗೂದಲಿನ ಹೊಸ ಕುಂಚವನ್ನು ಕೆಲವು ವಾರ ಬಳಸಿದ ಮೇಲೆಯೇ ಅದರ ಗುಣವನ್ನು ಅಳೆಯಬೇಕು.

ಬ್ಯಾಜರ್ ಎಂಬುದು ನೀರುನಾಯಿಯ ಕುಟುಂಬಕ್ಕೆ ಸೇರಿದ, ಬಿಲ ತೋಡಿ ವಾಸಿಸುವ ಪ್ರಾಣಿ. ಫ್ರೆಂಚ್ ಭಾಷೆಯಲ್ಲಿ ಆ ಪ್ರಾಣಿಗೂ ಕ್ಷೌರದ ಕುಂಚಕ್ಕೂ ಒಂದೇ ಹೆಸರು: ಬ್ಲೆರೋ. ಇದರ ಕೂದಲು ತುದಿಯಲ್ಲಿ ಸಹಜವಾಗಿಯೇ ಚೂಪಾಗಿರುವುದರಿಂದ ಸ್ಪರ್ಶ ಮೃದು. ಬ್ರಿಟನ್ನಿನಲ್ಲಿ 1973ರ ಶಾಸನವೂ ಅನಂತರದ 1992ರ ಶಾಸನವೂ ಈ ಪ್ರಾಣಿಗೆ ರಕ್ಷಣೆಯಿತ್ತಿವೆ. ಕುಂಚಗಳಿಗೆ ಬೇಕಾದ ಕೂದಲು ಬರುವುದು ಹೆಚ್ಚಾಗಿ ಚೀನದಿಂದ. 'ಶುದ್ಧ', 'ಉತ್ತಮ', 'ಅತ್ಯುತ್ತಮ' ಎಂಬ ದರ್ಜೆಗಳನ್ನು ತಯಾರಕರು ತಮ್ಮ ತಮ್ಮ ಇಚ್ಛೆಯಂತೆ ಇಡುವರಾದುದರಿಂದ, ಒಬ್ಬರ 'ಉತ್ತಮ'ವನ್ನು ಇನ್ನೊಬ್ಬರದರೊಡನೆ ಹೋಲಿಸಲಾಗದು.

ಮೂರನೆಯದು ಕೃತಕ ಎಳೆ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯಲ್ಲಿ ಕ್ಯಾರಥರ್ಸ್ ಮತ್ತು ಸಂಗಡಿಗರು ತಯಾರಿಸಿದ ನೈಲಾನ್, 1938ರಲ್ಲಿ ಮೊದಲು ಮಾರುಕಟ್ಟೆಗೆ ಬಂದುದು ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ. ಹಳೆಯ ಕೃತಕ ಎಳೆಗಳು ಬುಡದಿಂದ ತುದಿಯವರೆಗೆ ಒಂದೇ ದಪ್ಪವಾಗಿದ್ದು, ಮುಖಕ್ಕೆ ಒರಟಾಗಿದ್ದುವು. ಈಗ ಎಳೆಯ ತುದಿಯನ್ನು ಚೂಪುಗೊಳಿಸುವ ವಿಧಾನ ಕೈವಶವಾಗಿದೆ. ಆದುದರಿಂದ ಇಂದಿನ ಒಳ್ಳೆಯ ಕೃತಕ ಕುಂಚ ನಯದಲ್ಲಿ ಯಾವುದಕ್ಕೂ ಬಿಟ್ಟುಕೊಡದು. ಇಂಥ ಎಳೆ ನೀರನ್ನು ಹೀರುವುದು ತೀರ ಕಡಮೆಯಾದುದರಿಂದ ನೆನೆಸಬೇಕಾಗಿಲ್ಲ, ಬೇಗ ಒಣಗುತ್ತದೆ, ಪ್ರಾಣಿಗಳ ಕೂದಲನ್ನು ಒಲ್ಲದವರ ಮನಸ್ಸಿಗೂ ಸಮಾಧಾನ.

ಕುಂಚದಲ್ಲಿ ಅಡಗಿದ್ದ ಮೃತ್ಯು

ಕುಂಚದ ಆಯ್ಕೆ ಕೇವಲ ಸುಖದ ಪ್ರಶ್ನೆಯಲ್ಲವೆಂಬುದಕ್ಕೆ ಇತಿಹಾಸದಲ್ಲಿ ಒಂದು ದಾರುಣ ನಿದರ್ಶನವಿದೆ. ಮೊದಲನೆಯ ಮಹಾಯುದ್ಧದ (1914–1918) ಕಾಲದಲ್ಲಿ ಜರ್ಮನಿಯ ಮೂಲಕ ಶುದ್ಧಿಯಾಗಿ ಬರುತ್ತಿದ್ದ ಕೂದಲಿನ ವ್ಯಾಪಾರ ಕಡಿದುಹೋಯಿತು. ಅದರ ಸ್ಥಾನದಲ್ಲಿ ಏಷ್ಯದಿಂದ ಬಂದ, ಸರಿಯಾಗಿ ಶುದ್ಧಗೊಳಿಸದ ಕುದುರೆಗೂದಲನ್ನು ಬಳಸಿ ಅಗ್ಗದ ಕುಂಚಗಳನ್ನು ತಯಾರಿಸಿದರು. ಕೆಲವಕ್ಕೆ ಬ್ಯಾಜರಿನ ವೇಷವನ್ನೂ ತೊಡಿಸಿದರು. ಆ ಕೂದಲಿನಲ್ಲಿ ಆಂಥ್ರಾಕ್ಸ್ ರೋಗದ ಬೀಜಾಣುಗಳಿದ್ದುವು. ದನ, ಕುರಿ, ಕುದುರೆಗಳಿಗೆ ತಗಲುವ ಈ ರೋಗದ ಬೀಜಾಣುಗಳು ಒಣ ಕೂದಲಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಬಿಸಿನೀರಿನಲ್ಲಿ ಒಮ್ಮೆ ಅದ್ದಿದ ಮಾತ್ರಕ್ಕೆ ಸಾಯುವುದಿಲ್ಲ. ಕ್ಷೌರದಲ್ಲಿ ಆಗುವ ಕಣ್ಣಿಗೆ ಕಾಣದ ಗಾಯವೇ ಅವಕ್ಕೆ ಹೆಬ್ಬಾಗಿಲಾಯಿತು. ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಸೈನಿಕರೂ ನಾಗರಿಕರೂ ರೋಗಕ್ಕೆ ತುತ್ತಾದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಜೀವಿರೋಧಕ ಔಷಧಗಳು ಇನ್ನೂ ಬಂದಿರದ ಕಾಲವದು. 1920ರಲ್ಲಿ ಬ್ರಿಟನ್ ಜಪಾನಿನಿಂದ ಬರುವ ಕ್ಷೌರದ ಕುಂಚಗಳ ಆಮದನ್ನೇ ನಿಷೇಧಿಸಿತು.

ಇಂದು ಕೂದಲನ್ನು ಶುದ್ಧಗೊಳಿಸಿಯೇ ಬಳಸುವುದರಿಂದ ಹೊಸ ಕುಂಚಗಳಲ್ಲಿ ಈ ಭಯವಿಲ್ಲ. ಆದರೆ ಮುತ್ತಜ್ಜನ ಪೆಟ್ಟಿಗೆಯಲ್ಲಿಯೋ ಹಳೆಯ ಸಾಮಾನಿನ ಅಂಗಡಿಯಲ್ಲಿಯೋ ದೊರೆತ ನೂರು ವರ್ಷದ ಕುಂಚವನ್ನು ನೋಡಿ ಆನಂದಿಸುವುದೇ ಲೇಸು. ಮುಖಕ್ಕೆ ಹಚ್ಚುವುದು ಬೇಡ.

ಆಯ್ಕೆ ಹೇಗೆ?

ಈಗ ನಮ್ಮ ಎರಡು ಪ್ರಶ್ನೆಗಳನ್ನು ಓದುಗನ ಮುಖಕ್ಕೆ ಅನ್ವಯಿಸೋಣ. ಗಡ್ಡ ಒತ್ತಾಗಿದ್ದು ಚರ್ಮ ಗಟ್ಟಿಯಾಗಿದ್ದರೆ, ಕೂದಲನ್ನು ನಿಮಿರಿಸಲು ಬಲ ಬೇಕು: ಕೂದಲಿನ ಉದ್ದ 50 ಮಿಲಿಮೀಟರಿಗಿಂತ ಕಡಮೆಯಿರುವ ಬಿಗಿಯಾದ ಕುಂಚ ಒಪ್ಪುತ್ತದೆ. ಗಟ್ಟಿ ಸಾಬೂನಿನ ಬಿಲ್ಲೆಯನ್ನು ಬಳಸುವವರಿಗೂ ಇದೇ ಸರಿ. ಚರ್ಮ ಸೂಕ್ಷ್ಮವಾಗಿದ್ದರೆ, ಉದ್ದನೆಯ ನಯವಾದ ಕುಂಚವನ್ನು ಆರಿಸಿ, ಮೃದುವಾದ ಕ್ರೀಮಿನೊಡನೆ ಬಳಸಬೇಕು. ಕಾಲೇಜಿನ ವಯಸ್ಸಿನಲ್ಲಿ ಮೊಡವೆಗಳು ಸಾಮಾನ್ಯ. ಅಂಥವರು ಬಿರುಗೂದಲಿನಿಂದ ಸುತ್ತಿ ಸುತ್ತಿ ತಿಕ್ಕಬಾರದು. ನೊರೆಯನ್ನು ಬಟ್ಟಲಿನಲ್ಲಿಯೇ ಎಬ್ಬಿಸಿ, ಗೋಡೆಗೆ ಸುಣ್ಣ ಬಳಿಯುವಂತೆ ಹಗುರವಾಗಿ ಬಳಿದುಕೊಳ್ಳಬೇಕು. ಗಂಟಿನ ವ್ಯಾಸ ಚಿಕ್ಕ ಮುಖಕ್ಕೂ ಮೂಗಿನ ಕೆಳಗಣ ಇಕ್ಕಟ್ಟಿಗೂ 20ರಿಂದ 22 ಮಿಲಿಮೀಟರ್ ಅನುಕೂಲ. ಬಟ್ಟಲಿನಲ್ಲಿ ನೊರೆ ಮಾಡುವವರು 24 ಅಥವಾ 26ರವರೆಗೂ ಹೋಗಬಹುದು. ಯಾವುದೆಂದು ತಿಳಿಯದವರು ಮಧ್ಯಮ ಗಾತ್ರದ ಕೃತಕ ಕುಂಚದಿಂದ ಆರಂಭಿಸುವುದು ಜಾಣತನ.

ಕುಂಚವನ್ನು ಬಯ್ಯುವ ಮೊದಲು ನೀರನ್ನೂ ವಿಚಾರಿಸಬೇಕು. ನಮ್ಮ ಬಯಲುಸೀಮೆಯ ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡಸು. ಅದರಲ್ಲಿನ ಕ್ಯಾಲ್ಸಿಯಮ್, ಮೆಗ್ನೀಸಿಯಮ್‌ಗಳು ಸಾಬೂನಿನೊಡನೆ ಸೇರಿ ಕರಗದ ಗಸಿಯಾಗುತ್ತವೆ. ಆ ಗಸಿ ಕೂದಲಿಗೆ ಅಂಟಿ ಕುಂಚವನ್ನು ಒರಟಾಗಿಸುತ್ತದೆ; ನೊರೆಯೂ ಏಳುವುದಿಲ್ಲ. ಗಡಸುತನ ತಾತ್ಕಾಲಿಕವಾದುದಾದರೆ ಕುದಿಸಿ ಆರಿಸಿದ ನೀರು ಸಾಕು. ಸ್ಥಿರವಾದುದಾದರೆ ಒಂದು ಬಟ್ಟಲು ಮಳೆನೀರನ್ನು ಬಳಸಿ ನೋಡಿ. ಎಷ್ಟೋ ಕುಂಚಗಳು ನಿರಪರಾಧಿಗಳೆಂದು ತಿಳಿಯುವುದು ಆಗಲೇ.

ಕೆಲಸ ಮುಗಿದ ಮೇಲೆ ಕುಂಚವನ್ನು ಚೆನ್ನಾಗಿ ತೊಳೆದು, ಕೊಡವಿ, ಗಾಳಿಯಾಡುವೆಡೆ ಒಣಗಲು ಬಿಡಬೇಕು. ಒದ್ದೆ ಕುಂಚವನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಸೂಕ್ಷ್ಮಜೀವಿಗಳಿಗೆ ಮನೆ ಕಟ್ಟಿಕೊಟ್ಟಂತೆ. ಕುದಿಯುವ ನೀರು ಕೂದಲಿಗೂ ಗಂಟಿನ ಅಂಟಿಗೂ ಹಾನಿಕರ. ಹಾಸ್ಟೆಲಿನ ಸ್ನೇಹ ಎಷ್ಟೇ ಗಾಢವಾಗಿರಲಿ, ಕುಂಚವನ್ನೂ ಬ್ಲೇಡನ್ನೂ ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ರಕ್ತದ ಮೂಲಕ ಹರಡುವ ರೋಗಗಳಿಗೆ ಸ್ನೇಹದ ಪರಿವೆಯಿಲ್ಲ.

ನಾಳೆ ಬೆಳಿಗ್ಗೆ ಕುಂಚವನ್ನು ನೀರಿನಿಂದ ಮೇಲೆತ್ತಿದಾಗ ಅದರ ತುದಿ ಮೊನೆಯಾಗುವುದನ್ನು ಒಂದು ಕ್ಷಣ ನಿಂತು ನೋಡಿ. ಅದೇ ದಿನ ಪ್ರಯೋಗಶಾಲೆಯಲ್ಲಿ ಲೋಮನಾಳದ ಮುಂದೆ ಕುಳಿತಾಗ, ಆ ನೀರು ನಿಮಗೆ ಹಳೆಯ ಪರಿಚಿತನಂತೆ ಕಾಣುವುದು.