ಕಡುಬಣ್ಣದ ಕಾರ್ನ್‌ಫ್ಲವರ್: ಚಳಿಗಾಲಕ್ಕೊಂದು ಹೊಸ ಹೂ

ಹೂ ಬೇಸಾಯ ಎಂದೊಡನೆ ನಿಮಗೆ ನೆನಪಾಗುವುದು ಸೇವಂತಿಗೆ, ಚೆಂಡು ಹೂ, ಕನಕಾಂಬರ. ಕೆಂಗೇರಿಯ ಸುತ್ತ ತುಂಡು ಭೂಮಿ ಉಳಿಸಿಕೊಂಡಿರುವ ರೈತರೂ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಕೈತೋಟ ಇರುವವರೂ ಇವುಗಳ ಜೊತೆಗೆ ಒಂದು ಮಡಿಯಲ್ಲಿ ಬೆಳೆದು ನೋಡಬಹುದಾದ ಹೂ ಕಾರ್ನ್‌ಫ್ಲವರ್.

ಹೆಸರಿನಲ್ಲಿ ‘ಕಾರ್ನ್’ ಇದ್ದರೂ ಮುಸುಕಿನ ಜೋಳಕ್ಕೂ ಇದಕ್ಕೂ ಸಂಬಂಧವಿಲ್ಲ. ಯುರೋಪಿನ ಗೋಧಿ ಮುಂತಾದ ಕಾಳಿನ ಹೊಲಗಳಲ್ಲಿ ಇದು ಕಳೆಯಾಗಿ ಬೆಳೆಯುತ್ತಿತ್ತು. ಅಲ್ಲಿಂದಲೇ ಈ ಹೆಸರು. ಇದು ನಮ್ಮ ಕುಸುಬೆಯ ಹತ್ತಿರದ ಬಂಧು. ಈ ನಂಟನ್ನು ನೆನಪಿನಲ್ಲಿಟ್ಟುಕೊಂಡರೆ ಬೇಸಾಯದ ಅರ್ಧ ಪಾಠ ತಿಳಿದಂತೆಯೇ. ಕುಸುಬೆಯಂತೆ ಇದಕ್ಕೂ ತಂಪು ಹವೆ ಬೇಕು, ತಾಯಿಬೇರು ಆಳಕ್ಕಿಳಿಯಬೇಕು, ಬುಡದಲ್ಲಿ ನೀರು ನಿಲ್ಲಬಾರದು.

ತಳಿ

ಸಾಮಾನ್ಯ ಕಾರ್ನ್‌ಫ್ಲವರ್ ನೀಲಿ. ಕಡುಬಣ್ಣದವುಗಳಲ್ಲಿ ‘ಬ್ಲ್ಯಾಕ್ ಬಾಲ್’ ಹೆಸರಾದ ತಳಿ. ಅಚ್ಚ ಕಪ್ಪಲ್ಲ, ಕಡು ಮರೂನ್. ಸಂಜೆಯ ಬೆಳಕಿನಲ್ಲಿ ಕಪ್ಪಾಗಿಯೇ ಕಾಣುತ್ತದೆ. ಗಿಡ ಎರಡರಿಂದ ಮೂರು ಅಡಿ ಎತ್ತರ. ಹಿಂದೆ ಬರೀ ಮಣ್ಣಿದ್ದರೆ ಈ ಹೂ ಕಣ್ಣಿಗೇ ಬೀಳದು. ಆದ್ದರಿಂದ ಬಿಳಿ ಅಥವಾ ತಿಳಿ ಗುಲಾಬಿ ಚೈನಾ ಆಸ್ಟರ್ ಸಾಲಿನ ಪಕ್ಕದಲ್ಲಿ ಬೆಳೆಯಿರಿ.

ಮಣ್ಣು ಮತ್ತು ಬಿತ್ತನೆ

ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಹೆಚ್ಚು. ಆಗ ಸಮತಟ್ಟು ನೆಲದಲ್ಲಿ ಬಿತ್ತಿದರೆ ಮೊಳಕೆ ಕೊಳೆಯುತ್ತದೆ. 10 ಮೀಟರ್ ಉದ್ದ, 1 ಮೀಟರ್ ಅಗಲ, 15 ಸೆಂ.ಮೀ. ಎತ್ತರದ ಏರುಮಡಿ ಮಾಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವಿರಲಿ. ನಮ್ಮ ಕೆಂಪು ಗೋಡು ಮಣ್ಣು ಸಾಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮಡಿಗೆ 20 ಕಿಲೋ ಹಾಕಿ.

ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದೊಳಗೆ ಬಿತ್ತಿ. ಸಾಲಿನಿಂದ ಸಾಲಿಗೆ 30 ಸೆಂ.ಮೀ. ಅಂತರವಿರಲಿ. ಒಂದು ಗ್ರಾಂನಲ್ಲಿ ಸುಮಾರು 200 ಬೀಜಗಳಿರುವುದರಿಂದ ಒಂದು ಮಡಿಗೆ 2-3 ಗ್ರಾಂ ಸಾಕು. ಬೀಜದ ಮೇಲೆ 1 ಸೆಂ.ಮೀ. ಮಣ್ಣು ಮುಚ್ಚಿ, ಕತ್ತಲಲ್ಲಿ ಇದು ಚೆನ್ನಾಗಿ ಮೊಳೆಯುತ್ತದೆ. ಒಂದೆರಡು ವಾರಗಳಲ್ಲಿ ಮೊಳಕೆ ಬರುತ್ತದೆ. ತಾಯಿಬೇರಿಗೆ ಪೆಟ್ಟಾಗುವುದರಿಂದ ಕಿತ್ತು ನಾಟಿ ಮಾಡಬೇಡಿ. ನಾಲ್ಕು ಎಲೆ ಬಂದಾಗ 25 ಸೆಂ.ಮೀ.ಗೆ ಒಂದು ಗಿಡದಂತೆ ಉಳಿಸಿ. ತಾರಸಿಯಲ್ಲಿ ಬೆಳೆಯುವವರು ಒಂದಡಿ ಆಳದ ಕುಂಡಕ್ಕೇ ನೇರವಾಗಿ ಬಿತ್ತಲಿ.

ಹೆಚ್ಚಿನವರು ತಪ್ಪುವುದು ಇಲ್ಲಿ

ಕಾರ್ನ್‌ಫ್ಲವರ್ ದೀರ್ಘ ಹಗಲಿನ ಸಸ್ಯ. ಡಿಸೆಂಬರ್‌ನ ಗಿಡ್ಡ ಹಗಲಿನಲ್ಲಿ ಗಿಡ ಎಲೆ ಹರಡಿ ನೆಲಕ್ಕೆ ಅಂಟಿ ಕೂರುತ್ತದೆ. ಬೆಳವಣಿಗೆ ನಿಂತಿತೆಂದು ಹೆದರಿ ಯೂರಿಯಾ ಸುರಿಯಬೇಡಿ. ಹಾಗೆ ಮಾಡಿದರೆ ಎಲೆ ಸೊಕ್ಕಿ, ಕಾಂಡ ಮೆತ್ತಗಾಗಿ, ಗಾಳಿಗೆ ಮಲಗುತ್ತದೆ. ಈ ಸಮಯದಲ್ಲಿ ಅದು ಬೇರು ಬಲಪಡಿಸಿಕೊಳ್ಳುತ್ತಿರುತ್ತದೆ. ಕಳೆ ತೆಗೆದು ಕಾದರೆ ಸಾಕು. ಹಗಲು ಬೆಳೆದಂತೆ ಕಾಂಡ ಏಳುತ್ತದೆ. ಆಗ ಎರಡಡಿ ಗೂಟ ನೆಟ್ಟು ಹುರಿ ಕಟ್ಟಿ.

ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಕೊಡಿ. ನಗರದ ಕೊಳಚೆ ಹೊತ್ತು ಬರುವ ವೃಷಭಾವತಿಯ ನೀರು ಬೇಡ. ಬಾವಿಯ ಅಥವಾ ಸಂಗ್ರಹಿಸಿದ ಮಳೆಯ ನೀರು ಬಳಸಿ.

ಸಸ್ಯ ಸಂರಕ್ಷಣೆ

ಸಸ್ಯಹೇನು ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಡನೆ ಬೆರೆಸಿ ಸಂಜೆ ಸಿಂಪಡಿಸಿ. ಗಿಡಗಳು ಒತ್ತಾಗಿದ್ದರೆ ಬೂದಿರೋಗ ಬರುತ್ತದೆ. ಸಾಲುಗಳ ನಡುವೆ ಗಾಳಿಯಾಡಲು ಬಿಡುವುದೇ ಮೊದಲ ಮದ್ದು.

ಕೊಯ್ಲು ಮತ್ತು ಬೀಜ

ಹೊರಸುತ್ತಿನ ಎಸಳುಗಳು ಬಿಡುತ್ತಿರುವಾಗಲೇ, ಬೆಳಗಿನ ತಂಪಿನಲ್ಲಿ ಉದ್ದ ಕಾಂಡದೊಡನೆ ಕೊಯ್ದು ತಕ್ಷಣ ನೀರಿನಲ್ಲಿಡಿ. ಬಾಡಿದ ಹೂಗಳನ್ನು ತೆಗೆಯುತ್ತಿದ್ದರೆ ಹೊಸ ಮೊಗ್ಗು ಬರುತ್ತಲೇ ಇರುತ್ತದೆ. ಕತ್ತಲ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಒಣ ಹೂವಾಗಿಯೂ ಬಣ್ಣ ಉಳಿಯುತ್ತದೆ.

ಬೀಜ ಉಳಿಸಿಕೊಳ್ಳುವವರಿಗೆ ಒಂದು ಮಾತು. ಜೇನುನೊಣ ನೀಲಿ ಹೂವಿನ ಪರಾಗವನ್ನು ಕಡುಬಣ್ಣದ ಹೂವಿಗೆ ತಂದರೆ ಮುಂದಿನ ವರ್ಷ ಬಣ್ಣ ಬೆರಕೆಯಾಗುತ್ತದೆ. ಆದ್ದರಿಂದ ತೋಟದಲ್ಲಿ ಒಂದೇ ಬಣ್ಣ ಬೆಳೆಯಿರಿ. ನಡುವೆ ಬೇರೆ ಬಣ್ಣ ಕಂಡರೆ ಕಿತ್ತುಬಿಡಿ.

ಮಾರಾಟ

ಈ ಹೂವನ್ನು ಮಾಲೆ ಕಟ್ಟುವುದಿಲ್ಲ. ಕಪ್ಪು ಛಾಯೆಯ ಹೂವನ್ನು ಹಬ್ಬಕ್ಕೆ ಕೇಳುವವರೂ ಅಪರೂಪ. ಕೆ.ಆರ್. ಮಾರುಕಟ್ಟೆಗೆ ಮೂಟೆಯಲ್ಲಿ ಒಯ್ದರೆ ನಷ್ಟವೇ. ಹೂಗುಚ್ಛ ಮಾಡುವವರಿಗೆ ಮಾತ್ರ ಇದು ಬೇಕಾದೀತು. ಕಾಂಡ ಸಣ್ಣದು, ಹೂವಿನ ಬಾಳಿಕೆ ಕಡಿಮೆ. ದೂರದ ಸಾಗಣೆಯನ್ನು ತಡೆಯದು. ಕೆಂಗೇರಿಯವರಿಗಿರುವ ಅನುಕೂಲ ಇದೇ: ಮುಂಜಾನೆ ಕೊಯ್ದ ಹೂವನ್ನು ಅಂಗಡಿ ತೆರೆಯುವ ಹೊತ್ತಿಗೆ ವಿಜಯನಗರಕ್ಕೆ ತಲುಪಿಸಬಹುದು.

ಆದ್ದರಿಂದ, ರೈತ ಬಾಂಧವರೇ, ಕೊಳ್ಳುವವರೊಡನೆ ಮೊದಲು ಮಾತಾಡಿ, ಆಮೇಲೆ ಬಿತ್ತಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೊರತಂದ ಕಾಮಿನಿ, ಪೂರ್ಣಿಮಾ, ಶಶಾಂಕದಂತಹ ಆಸ್ಟರ್ ತಳಿಗಳೇ ನಿಮ್ಮ ಮುಖ್ಯ ಬೆಳೆಯಾಗಿರಲಿ. ಕಾರ್ನ್‌ಫ್ಲವರ್ ಅದರ ಅಂಚಿನಲ್ಲಿರಲಿ. ಒಂದು ಮಡಿ ಕೈಕೊಟ್ಟರೆ ಹೋಗುವುದು ಒಂದು ಪೊಟ್ಟಣ ಬೀಜ. ಕೈಹಿಡಿದರೆ ಮುಂದಿನ ವರ್ಷ ಎರಡು ಮಡಿ ಮಾಡಿ.