ಓಲಿಯೋಗ್ರಾಫ್ ಚಿತ್ರಗಳ ಚೌಕಟ್ಟು ಮತ್ತು ಸಂರಕ್ಷಣೆ

ಓಲಿಯೋಗ್ರಾಫ್ ಎಂಬುದು ತೈಲವರ್ಣ ಚಿತ್ರವನ್ನು ಹೋಲುವಂತೆ ಕಲ್ಲಚ್ಚಿನಲ್ಲಿ ಹಲವು ಬಣ್ಣಗಳಿಂದ ಮುದ್ರಿಸಿದ ಕಾಗದದ ಚಿತ್ರ. ಭಾರತದಲ್ಲಿ ರಾಜಾ ರವಿವರ್ಮರ (೧೮೪೮–೧೯೦೬) ದೇವದೇವಿಯರ ಚಿತ್ರಗಳು ಈ ರೂಪದಲ್ಲಿ ಪ್ರಸಿದ್ಧವಾದವು. ಕರ್ನಾಟಕದ ಹಳೆಯ ಮನೆಗಳ ಪಡಸಾಲೆ, ದೇವರಕೋಣೆಗಳಲ್ಲಿ ಇವು ಇಂದಿಗೂ ಕಾಣಸಿಗುತ್ತವೆ. ಬೆಳಕು, ತೇವ ಮತ್ತು ಆಮ್ಲದಿಂದ ಕಾಗದಕ್ಕಾಗುವ ಹಾನಿಯನ್ನು ಬಹುಮಟ್ಟಿಗೆ ಸರಿಪಡಿಸಲಾಗದು. ಆದುದರಿಂದ ಸರಿಯಾದ ಚೌಕಟ್ಟು ಮತ್ತು ಆರೈಕೆಗಳೇ ಇವುಗಳಿಗೆ ಮುಖ್ಯ ರಕ್ಷಣೆ.

ಹಿನ್ನೆಲೆ

ರವಿವರ್ಮರು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಅದು ಮುಂದೆ ಲೋನಾವಳಾ ಸಮೀಪದ ಮಳವಲಿಗೆ ಸ್ಥಳಾಂತರಗೊಂಡು, ಜರ್ಮನಿಯ ತಂತ್ರಜ್ಞ ಫ್ರಿಟ್ಸ್ ಷ್ಲೈಷರ್ ಅವರ ಒಡೆತನಕ್ಕೆ ಬಂದಿತು. ಒಂದೊಂದು ಬಣ್ಣಕ್ಕೂ ಒಂದೊಂದು ಸುಣ್ಣಕಲ್ಲಿನ ಫಲಕವನ್ನು ಬಳಸಿ, ಒಂದರ ಮೇಲೊಂದರಂತೆ ಅಚ್ಚೊತ್ತಲಾಗುತ್ತಿತ್ತು. ಅನೇಕ ಪ್ರತಿಗಳಿಗೆ ಮೇಲೆ ವಾರ್ನಿಷ್ ಬಳಿಯುತ್ತಿದ್ದರು. ಕೆಲವಕ್ಕೆ ಬಟ್ಟೆ, ಜರಿ ಮತ್ತು ಚಮಕಿಗಳನ್ನು ಅಂಟಿಸಿ ಅಲಂಕರಿಸುವ ರೂಢಿಯೂ ಇತ್ತು. ರವಿವರ್ಮರ ಮೂಲ ತೈಲಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಾಣಬಹುದು.

ಹಾನಿಯ ಕಾರಣಗಳು

ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಕಾಲಕ್ರಮದಲ್ಲಿ ಅದು ಕಾಗದವನ್ನು ಹಳದಿಯಾಗಿಸಿ, ಮುಟ್ಟಿದರೆ ಪುಡಿಯಾಗುವಂತೆ ಮಾಡುತ್ತದೆ. ಚಿತ್ರದ ಹಿಂಬದಿಗೆ ಇಡುವ ಸಾಮಾನ್ಯ ರಟ್ಟು ಮತ್ತು ಪ್ಲೈವುಡ್‌ಗಳ ಆಮ್ಲವೂ ಕಾಗದಕ್ಕೆ ಇಳಿದು ಕಂದು ಕಲೆಗಳನ್ನು ಮೂಡಿಸುತ್ತದೆ. ಬೆಳಕಿನಿಂದ ಬಣ್ಣ ಮಾಸುವುದು ನಿಧಾನವಾದರೂ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. ೬೫ನ್ನು ಮೀರಿದರೆ ಬೂಷ್ಟು ಬೆಳೆಯುವ ಸಂಭವ ಹೆಚ್ಚು. ಹೀಗಾಗಿ ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲವೇ ಕಠಿನ ಕಾಲ. ಗೆದ್ದಲು ಮೊದಲಾದ ಕೀಟಗಳು ಕಾಗದವನ್ನೂ ಹಿಟ್ಟಿನ ಅಂಟನ್ನೂ ತಿನ್ನುತ್ತವೆ.

ಕಟ್ಟು ಹಾಕಿಸುವ ಕ್ರಮ

ಮಾಡಿದ್ದನ್ನು ಮುಂದೆ ಚಿತ್ರಕ್ಕೆ ಹಾನಿಯಿಲ್ಲದೆ ಬಿಡಿಸಲು ಸಾಧ್ಯವಿರಬೇಕೆಂಬುದು ಸಂರಕ್ಷಣೆಯ ಮೂಲತತ್ತ್ವ.

* ಚಿತ್ರವನ್ನು ರಟ್ಟಿಗೆ ಪೂರ್ತಿಯಾಗಿ ಅಂಟಿಸಬಾರದು, ಲ್ಯಾಮಿನೇಷನ್ ಮಾಡಿಸಬಾರದು, ಸೆಲೋಟೇಪ್ ಬಳಸಬಾರದು.
* ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಸಣ್ಣ ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಡಬೇಕು. ತೇವ ಸೋಕಿಸಿದರೆ ಈ ಅಂಟು ಬಿಡುತ್ತದೆ.
* ಹಿಂಬದಿಗೂ ಅಂಚುಪಟ್ಟಿಗೂ ಆಮ್ಲರಹಿತ ಮೌಂಟ್ ಬೋರ್ಡ್ ಬಳಸಬೇಕು.
* ಗಾಜು ಚಿತ್ರಕ್ಕೆ ತಾಗಬಾರದು. ತಾಗಿದರೆ ತೇವ ಸಿಕ್ಕಿಕೊಂಡು ಬಣ್ಣ ಗಾಜಿಗೆ ಹತ್ತುತ್ತದೆ. ಜರಿಯ ಕೆಲಸವಿರುವ ಚಿತ್ರಗಳಿಗೆ ಹೆಚ್ಚಿನ ಅಂತರ ಬೇಕು.
* ಹಳೆಯ ಕಟ್ಟನ್ನು ಬಿಚ್ಚುವಾಗ ಚಿತ್ರದ ಅಂಚನ್ನು ಕತ್ತರಿಸಬಾರದು. ಮುದ್ರಣಾಲಯದ ಹೆಸರು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.

ಮನೆಯಲ್ಲಿ ಆರೈಕೆ

ಬಿಸಿಲು ಬೀಳುವ ಗೋಡೆ, ಮಳೆಯ ಎರಚಲು ಹೊಡೆಯುವ ಹೊರಗೋಡೆ ಮತ್ತು ಅಡುಗೆಮನೆಯ ಪಕ್ಕ ಚಿತ್ರವನ್ನು ತೂಗುಹಾಕಬಾರದು. ಕಾಗದದ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಬೆಳಕಿನ ಮಿತಿ ೫೦ ಲಕ್ಸ್. ಚೌಕಟ್ಟಿನ ಕೆಳಮೂಲೆಗಳ ಹಿಂದೆ ಬಿರಡೆಯ ತುಂಡುಗಳನ್ನಿಟ್ಟರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಪೂಜೆಯ ಚಿತ್ರವಾದರೆ ದೀಪದ ಹೊಗೆ, ಒದ್ದೆ ಹೂಮಾಲೆ ಮತ್ತು ಕುಂಕುಮಗಳಿಂದ ದೂರವಿಡುವುದು ಅಗತ್ಯ. ಪೂಜೆಗೆ ಹೊಸ ಪ್ರತಿಯೊಂದನ್ನು ಇಟ್ಟುಕೊಳ್ಳಬಹುದು. ಗಾಜನ್ನು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಬೇಕೇ ಹೊರತು ಗಾಜಿಗೆ ಸಿಂಪಡಿಸಬಾರದು. ಮಳೆಗಾಲ ಮುಗಿದ ಮೇಲೆ ಹಿಂಬದಿಯನ್ನು ತಪ್ಪದೆ ಪರೀಕ್ಷಿಸಬೇಕು. ಬೂಷ್ಟು ಹಿಡಿದ ಅಥವಾ ಹರಿದ ಚಿತ್ರವನ್ನು ಸ್ವತಃ ತೊಳೆಯಲು ಹೋಗದೆ ಕಾಗದ ಸಂರಕ್ಷಣೆಯ ತಜ್ಞರಿಗೆ ಒಪ್ಪಿಸುವುದು ಕ್ಷೇಮ.