ದನಿಗಳು ಕೇಳಿಸುವವರಿಗೆ ಗುಂಪಿನ ಆಸರೆ

ಆಲೋಚನೆ, ಭಾವನೆ ಮತ್ತು ಗ್ರಹಿಕೆಗಳ ಹೊಂದಾಣಿಕೆ ಕೆಡುವ ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾದಲ್ಲಿ, ಎದುರಿಗೆ ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದುಂಟು. ಇದಕ್ಕೆ ಶ್ರವಣಭ್ರಮೆ ಎಂದು ಹೆಸರು. ತನ್ನೊಳಗೇ ಹುಟ್ಟಿದ ಮಾತನ್ನು ಮಿದುಳು ತನ್ನದೆಂದು ಗುರುತಿಸಲಾರದೆ ಹೊರಗಿನದೆಂದು ಬಗೆಯುತ್ತದೆ ಎಂಬುದು ಇದಕ್ಕಿರುವ ಮುಖ್ಯ ವಿವರಣೆಗಳಲ್ಲೊಂದು. ಕೇಳುವವರ ಪಾಲಿಗೆ ಆ ದನಿ ನಿಜವಾದದ್ದು, ಅದರಲ್ಲಿ ನಟನೆಯಿಲ್ಲ. ಕರಾವಳಿಯಲ್ಲಿ ಇದನ್ನು ದೈವದ ಉಪದ್ರವವೆಂದು ತಿಳಿದು ಮೊದಲು ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸುವ ಕುಟುಂಬಗಳಿವೆ; ಆ ನಂಬಿಕೆಯನ್ನು ಹಳಿಯದೆಯೇ, ವೈದ್ಯರ ಬಳಿ ಹೋಗಲು ತಡಮಾಡಬಾರದೆಂದು ಅವರಿಗೆ ತಿಳಿಹೇಳಬೇಕಾಗಿದೆ.

ಔಷಧಿಯೇ ಚಿಕಿತ್ಸೆಯ ತಳಹದಿ. ಆದರೆ ದನಿಗಳು ತಗ್ಗಿದ ಮೇಲೂ ಉಳಿಯುವ ನಿರಾಸಕ್ತಿ ಮತ್ತು ಒಂಟಿತನಗಳನ್ನು ಮಾತ್ರೆಯೊಂದೇ ನೀಗಲಾರದು. ಈ ಕಾರಣದಿಂದಲೇ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಹೊಲಿಗೆ, ಬಡಗಿ ಕೆಲಸ, ಬೇಕರಿ ಮುಂತಾದವುಗಳ ತರಬೇತಿ ಚಿಕಿತ್ಸೆಯ ಅಂಗವಾಗಿ ಬೆಳೆಯಿತು. ಅಲ್ಲಿನ ಸಂಶೋಧಕರು 61 ರೋಗಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿಯ ಜೊತೆಗೆ ಯೋಗ ಮಾಡಿದವರು ವ್ಯಾಯಾಮ ಮಾಡಿದವರಿಗಿಂತ ಸಾಮಾಜಿಕ ನಡವಳಿಕೆ ಮತ್ತು ಜೀವನದ ಗುಣಮಟ್ಟದಲ್ಲಿ ಹೆಚ್ಚು ಸುಧಾರಿಸಿದ್ದು ಕಂಡುಬಂದಿತು.

ಎಲ್ಲ ಪ್ರಯೋಗಗಳೂ ಹೀಗೆ ಫಲಿಸಿಲ್ಲ. ಬ್ರಿಟನ್ನಿನಲ್ಲಿ 417 ಮಂದಿಯನ್ನು ಒಳಗೊಂಡು ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೊಮ್ಮೆಯ ಚಿತ್ರಕಲಾ ಗುಂಪುಗಳಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಅನೇಕರು ಗುಂಪಿಗೆ ಬರುತ್ತಲೇ ಇರಲಿಲ್ಲ. ಬಣ್ಣ ಮತ್ತು ಕುಂಚಗಳನ್ನು ಒದಗಿಸಿದರೆ ಸಾಲದು, ರೋಗಿಯು ತಾನಾಗಿ ಬರಬಯಸುವಂಥ ಒಡನಾಟವೂ ಇರಬೇಕು ಎಂಬ ಪಾಠವನ್ನು ಇದರಿಂದ ಕಲಿಯಬಹುದು. ಅಂಥ ಒಡನಾಟಕ್ಕೆ ಉದಾಹರಣೆಯೆಂಬಂತೆ, ನೆದರ್ಲೆಂಡ್ಸ್‌ನ ಮನೋವೈದ್ಯ ಮಾರಿಯಸ್ ರೋಮ್ 1980ರ ದಶಕದಲ್ಲಿ ಆರಂಭಿಸಿದ ಚಳವಳಿಯಿಂದ ಬೆಳೆದ ಗುಂಪುಗಳಲ್ಲಿ, ದನಿ ಕೇಳುವವರೇ ಒಟ್ಟಿಗೆ ಕುಳಿತು, ಅದು ಯಾವಾಗ ಬರುತ್ತದೆ, ಏನು ಹೇಳುತ್ತದೆ, ಅದನ್ನು ಹೇಗೆ ನಿಭಾಯಿಸಬಹುದು ಎಂಬುದನ್ನು ಸಂಕೋಚವಿಲ್ಲದೆ ಹಂಚಿಕೊಳ್ಳುತ್ತಾರೆ. ಮಾನವಶಾಸ್ತ್ರಜ್ಞೆ ತಾನ್ಯಾ ಲುರ್ಮನ್ ಅವರ ಅಧ್ಯಯನದಲ್ಲಿ ಚೆನ್ನೈನ ಹಲವರಿಗೆ ಕೇಳಿಸಿದ್ದು ಮನೆಯವರದೇ ದನಿ. ಬೈಗುಳದ ಜೊತೆಗೆ ಮನೆಗೆಲಸದ ಬುದ್ಧಿಮಾತೂ ಅದರಲ್ಲಿತ್ತು. ಆದ್ದರಿಂದ ನಮ್ಮಲ್ಲಿ ಇಂಥ ಗುಂಪುಗಳು ಕುಟುಂಬವನ್ನು ಹೊರಗಿಟ್ಟು ನಡೆಯುವುದು ಉಚಿತವಲ್ಲ.

ಮಂಗಳೂರಿನ ಕುದ್ರೋಳಿಯವರಿಗೆ ಸಮೀಪದಲ್ಲೇ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಿದೆ. ನಿಮ್ಹಾನ್ಸ್ ಸಹಯೋಗದ ಟೆಲಿ-ಮಾನಸ್‌ನ 14416 ಸಹಾಯವಾಣಿ ಸಂಖ್ಯೆಗೆ ಕರೆಮಾಡಿ ಉಚಿತ ಸಲಹೆಯನ್ನೂ ಪಡೆಯಬಹುದು. ಚಿಕಿತ್ಸೆ ಆಸ್ಪತ್ರೆಯಲ್ಲಿ ಆರಂಭವಾದರೂ, ಗುಣಮುಖರಾಗುತ್ತಿರುವವರನ್ನು ಭಜನಾ ಮಂಡಳಿಗೆ, ಯುವಕ ಸಂಘಕ್ಕೆ, ಅಂಗಡಿಯ ಕೆಲಸಕ್ಕೆ ಮತ್ತೆ ಸೇರಿಸಿಕೊಳ್ಳುವ ಹೊಣೆ ಊರಿನದು. ಅದನ್ನು ಆಸ್ಪತ್ರೆಗೆ ವಹಿಸಿ ಕೈತೊಳೆದುಕೊಳ್ಳುವಂತಿಲ್ಲ.